ವರ್ಷಕ್ಕೊಮ್ಮೆ ಪೂಜೆಗೆ ಹೋಗುವ ಮಗು

ತಟ್ಟುವುದೋ, ಬೇಡವೋ? ಒಳಗಿರುವವರು ವಿಮಾನ ತಪ್ಪಿ, ರಾತ್ರಿ ಹೊತ್ತುಮೀರಿ ಬಂದು ಮಲಗಿದವರು. ಎಬ್ಬಿಸಿದರೆ ದೂರು ಕೊಡುತ್ತಾರೆ, ದೂರು ಕೊಟ್ಟರೆ ಕೆಲಸ ಹೋಗುತ್ತದೆ. ಎಬ್ಬಿಸದಿದ್ದರೆ, ಇಗರ್ಜಿಯ ಬಾಗಿಲಲ್ಲಿ ಕಾಯುತ್ತಿರುವ ಹೆಂಗಸರಿಗೆ ಯಾವ ಮುಖ ತೋರಿಸುವುದು? ಲಾರಿಯ ಹಿಂದೆ ಕೂತು, ಬೆಟ್ಟವಿಳಿದು ಬಂದಿದ್ದಾರೆ. ಮಗುವಾದರೂ ಏನೆಂದುಕೊಂಡೀತು? ವರ್ಷಕ್ಕೆ ಒಂದೇ ಪೂಜೆ. ಅದನ್ನೂ ತಪ್ಪಿಸಿದರೆ ಮುನಿಸಿಕೊಳ್ಳದೆ ಇರುತ್ತದೆಯೇ?

ಆ ಹೊತ್ತಿನಲ್ಲಿ ತಲೆಯಲ್ಲಿ ಓಡಿದ್ದು ಇಷ್ಟೇ ಎಂದು ಮೆಲ್ಚೋರ್ ಪೂಮಾ ಆಮೇಲೆ ಹೇಳುತ್ತಾರೆ. ಈಗ ಅವರು ಪೆರುವಿನ ಕುಸ್ಕೊ ಪಟ್ಟಣದ ಸಾನ್ ಬ್ಲಾಸ್ ಏರಿನ ಒಂದು ಹಳೆಯ ಮನೆಯ ಮೇಲಂತಸ್ತಿನಲ್ಲಿ, ಮುಚ್ಚಿದ ಬಾಗಿಲ ಮುಂದೆ ನಿಂತಿದ್ದಾರೆ. ಕ್ರಿಸ್ಮಸ್ ಕಳೆದ ಮೇಲೆ ಬರುವ ಮೂವರು ಅರಸರ ಹಬ್ಬದ ನಸುಕು. ಕಂಕುಳಲ್ಲಿ ಮಡಿಸಿದ ಉಣ್ಣೆಯ ಹೊದಿಕೆ, ಜೇಬಿನಲ್ಲಿ ಹೆಬ್ಬೆರಳುದ್ದದ ಒಂದು ಜೊತೆ ಬೂಟು.

ಮನೆ ಈಗ ಹೋಟೆಲಾಗಿದೆ. ಕೋಣೆಕೋಣೆಯಲ್ಲೂ ಕೆತ್ತನೆಯ ಮಂಚ, ಚರ್ಮ ಹೊದಿಸಿದ ಪೆಟ್ಟಿಗೆ, ಗೋಡೆಯ ಮೇಲೆ ಕೋವಿ ಹಿಡಿದ ದೇವದೂತರು, ಕಣ್ಣೀರಿಡುವ ಮಾತೆಯರು. ಅತಿಥಿಗಳು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆ ಚಿತ್ರಗಳ ಧೂಳು ತೆಗೆದವರು ಯಾರೆಂದು ಯಾರೂ ಕೇಳುವುದಿಲ್ಲ. ಅರವತ್ತು ದಾಟಿದ ಮೆಲ್ಚೋರ್ ದಿನವೂ ಒಣ ಕುಂಚ ಹಿಡಿದು ಒಬ್ಬೊಬ್ಬರೇ ಸಂತರ ಮುಖ ಒರೆಸುತ್ತಾರೆ. ಒದ್ದೆ ಬಟ್ಟೆ ತಾಗಿಸುವಂತಿಲ್ಲ, ಚಿನ್ನದ ರೇಕು ಎದ್ದುಬರುತ್ತದೆ.

"ರಕ್ತ ಸುರಿಸೋ ದೇವರನ್ನ ನೋಡ್ತಾ ನಿದ್ದೆ ಬರಲ್ಲ ಅಂತಾರೆ ಕೆಲವರು. ಬಟ್ಟೆ ಹೊದಿಸ್ತೀನಿ. ಅದಕ್ಕೂ ಮುಂಚೆ ಆತನಿಗೆ ಒಂದು ಮಾತು ಹೇಳ್ತೀನಿ: ಎರಡು ರಾತ್ರಿ ತಡ್ಕೋ ತಂದೆ, ಇವರು ಹೋಗ್ತಾರೆ, ನೀನು ಇರ್ತೀಯ."

ಅವರು ಈ ಮನೆಗೆ ಬಂದದ್ದು ಗಾರೆ ಕೆಲಸಕ್ಕೆ. ಚಾವಣಿ ರಿಪೇರಿಯ ದಿನಗಳಲ್ಲಿ ಮರಳಿನ ಮೂಟೆ ಹೊತ್ತು ಮೇಲಕ್ಕೆ ಹೋಗುವಾಗ, ತೆರೆದ ಕಿಟಕಿಯಿಂದ ಈ ಕೋಣೆಯ ಒಳಗು ಕಂಡಿತು. ಅಂದು ಸಂಜೆಯೇ ಒಡತಿ ದೋನ್ಯಾ ಲೆಯೊನೋರ್ ಅವರ ಮುಂದೆ ಟೋಪಿ ಕಳಚಿ ನಿಂತು, ಕೋಣೆಗಳ ಕೆಲಸ ಕೊಡಿ ಎಂದು ಕೇಳಿದರು. ಗಾರೆಯಲ್ಲೇ ಹೆಚ್ಚು ಕೂಲಿಯಿತ್ತು. ಒಡತಿಗೆ ಅದು ಇಂದಿಗೂ ಒಗಟು. ತಮ್ಮ ಹಳ್ಳಿಯ ಬಗ್ಗೆ ಮೆಲ್ಚೋರ್ ಹೆಚ್ಚು ಮಾತಾಡುವುದಿಲ್ಲ. ಅದರ ಹೆಸರು ಇಲ್ಲಿ ಬರೆಯಬಾರದೆಂದು ಮಾತ್ರ, ಅವರ ಬಗ್ಗೆ ಬರೆಯಲು ಬಂದ ನನ್ನನ್ನು ಕೇಳಿಕೊಂಡರು.

ಆ ಕೋಣೆಯ ಕಪಾಟಿನ ಮೇಲೆ ಕೂತಿರುವುದು ಬಾಲಯೇಸು. ಗಾಜಿನ ಕಣ್ಣು, ನಿಜವಾದ ಕೂದಲು, ಮುಳ್ಳು ಚುಚ್ಚಿದ ಅಂಗಾಲು. ಮನೆಯಲ್ಲಿಟ್ಟ ಪ್ರತಿಮೆ ವರ್ಷಕ್ಕೊಮ್ಮೆಯಾದರೂ ಇಗರ್ಜಿಗೆ ಹೋಗಿ ಪೂಜೆ ಕೇಳಬೇಕು ಎಂಬುದು ಇಲ್ಲಿಯವರ ನಡವಳಿಕೆ. ಜೊತೆಗೆ ಹೊಸ ಬೂಟೂ ಬೇಕು. ಈ ಮಗು ರಾತ್ರಿ ಎದ್ದು ಅಲೆಯುತ್ತದೆ, ಅಟ್ಟೆ ಸವೆಸಿಕೊಂಡು ಬರುತ್ತದೆ. ಬೂಟು ಹೊಲಿಯುವುದು ಮೆಲ್ಚೋರ್ ಅವರೇ.

"ಹೆಂಡ್ತಿಗೆ ಯಾವತ್ತಾದ್ರೂ ಒಂದು ಜೊತೆ ಹೊಲಿದಿದ್ದೀಯೇನಯ್ಯ?" ಎಂದು ಅಡುಗೆಯ ನಿಕೋಲಾಸಾ ಕೆಣಕುತ್ತಾಳೆ.

"ಅವಳು ರಾತ್ರಿ ಮನೇಲೇ ಇರ್ತಾಳೆ."

ಒಡತಿ ಇದಕ್ಕೆ ಒಪ್ಪಿದ್ದಾರೆ. ಎರಡೇ ಕಟ್ಟಳೆ: ತಿಂಡಿಯ ಹೊತ್ತಿಗೆ ಮಗು ಕಪಾಟಿನ ಮೇಲಿರಬೇಕು, ಅತಿಥಿಗಳಿಗೆ ತೊಂದರೆಯಾಗಕೂಡದು. ಹಬ್ಬದ ಹಿಂದಿನ ರಾತ್ರಿ ಆ ಕೋಣೆಯನ್ನು ಯಾರಿಗೂ ಕೊಡುವುದಿಲ್ಲ. ಈ ಸಲ ಒಡತಿಯ ಮಗಳು ಮರೆತು ಕೊಟ್ಟುಬಿಟ್ಟಿದ್ದಾಳೆ.

ಕೆಳಗೆ ಇಗರ್ಜಿಯ ಮೊದಲ ಗಂಟೆ ಹೊಡೆಯುತ್ತದೆ. ಮೆಲ್ಚೋರ್ ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟುತ್ತಾರೆ. ಬಾಗಿಲು ತೆರೆದವನು ಲೀಮಾದವನು, ಬರಿಗಾಲು, ಕೆದರಿದ ತಲೆ.

"ಏನು, ಭೂಕಂಪನಾ?"

"ಇಲ್ಲ ಸ್ವಾಮಿ. ಪೂಜೆಗೆ ಹೊತ್ತಾಯ್ತು."

"ನಾವು ಪೂಜೆಗೆ ಹೋಗೋರಲ್ಲ ಕಣಯ್ಯ."

"ನೀವಲ್ಲ. ಕಪಾಟಿನ ಮೇಲಿದ್ದಾನಲ್ಲ, ಅವನು."

ಗಂಡಸು ಕಪಾಟಿನತ್ತ ತಿರುಗಿ ನೋಡುತ್ತಾನೆ. ಮಂಚದ ಕಡೆಯಿಂದ ಹೆಂಗಸಿನ ದನಿ ಬರುತ್ತದೆ: "ಕೊಟ್ಟು ಕಳಿಸ್ರೀ ಅತ್ಲಾಗೆ! ರಾತ್ರಿಯಿಡೀ ನನ್ನನ್ನೇ ನೋಡ್ತಾ ಕೂತಿದ್ದ."

ಮೆಲ್ಚೋರ್ ಮಗುವನ್ನು ಹೊದಿಕೆಯಲ್ಲಿ ಸುತ್ತಿ, ಮುಖಕ್ಕೆ ಗಾಳಿ ತಾಗದಂತೆ ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿಯುತ್ತಾರೆ. ಸಣ್ಣ ಹನಿ ಬೀಳುತ್ತಿದೆ. ತಿರುವಿನಲ್ಲಿ ಕಿನ್ವಾ ಕಾಳಿನ ಗಂಜಿ ಮಾರುವವಳು ಕೈಯಲ್ಲಿದ್ದ ಪಾತ್ರೆಯ ಮುಚ್ಚಳವನ್ನು ಕೆಳಗಿಟ್ಟು ಶಿಲುಬೆಯ ಗುರುತು ಮಾಡಿಕೊಳ್ಳುತ್ತಾಳೆ.

ಇಗರ್ಜಿಯ ಬಾಗಿಲಲ್ಲಿ ಅವರ ಹಳ್ಳಿಯ ಹೆಂಗಸರು ಒದ್ದೆ ಟೋಪಿಗಳಲ್ಲಿ, ನಂದಿಸಿದ ಮೇಣದಬತ್ತಿ ಹಿಡಿದು ನಿಂತಿದ್ದಾರೆ. ಎಲ್ಲರಿಗಿಂತ ಹಿರಿಯಳು ತಿಯೊದೋಸಿಯಾ. ಕಣ್ಣು ಮಂಜಾಗಿದೆ.

"ತಡ ಮಾಡಿದೆಯಲ್ಲೋ! ದೊಡ್ಡ ಹೋಟೆಲಿನವನಾಗಿಬಿಟ್ಟೆ, ಅಲ್ವಾ?"

"ಎಬ್ಬಿಸಬೇಕಿತ್ತಮ್ಮ."

"ಇವನನ್ನಾ? ಇವನು ಯಾವತ್ತು ಮಲಗಿದ್ದ?"

ಅವಳು ಹೊದಿಕೆಯೊಳಗೆ ಕೈ ಹಾಕುತ್ತಾಳೆ. ಹುಡುಕುವುದಿಲ್ಲ. ಬೂಟು ಕಳಚಿ, ಎಡಗಾಲ ಕಿರುಬೆರಳು ಮುರಿದ ಜಾಗಕ್ಕೆ ಹೆಬ್ಬೆರಳನ್ನು ನೇರವಾಗಿ ತಂದಿಟ್ಟು ನಗುತ್ತಾಳೆ. ಆ ಬೆರಳು ಮುರಿದಾಗ ತಾನು ಲಂಗದ ಹುಡುಗಿ, ಮಗುವನ್ನು ಹೊತ್ತಿದ್ದವಳು ತನ್ನಕ್ಕ ಎನ್ನುತ್ತಾಳೆ. ಆಮೇಲೆ ಹಳೆಯ ಬೂಟಿನ ಅಟ್ಟೆ ಸವರಿ, ಪಕ್ಕದವಳಿಗೆ ಕೊಡುತ್ತಾಳೆ.

"ನೋಡೇ, ಹೇಗೆ ಸವೆಸಿದ್ದಾನೆ. ಎಲ್ಲಿಗೆ ನಡೀತಾನೆ ಅಂತ ಬೇರೆ ಹೇಳ್ಬೇಕಾ? ಊರಲ್ಲಿ ಗುಡಿ ಖಾಲಿ. ಕಳ್ಳರು ಬಂದು ಹೋದ ಮೇಲೆ ಬೀಗಾನೂ ಹಾಕಿಲ್ಲ. ಬಂದ್ರೆ ಒಳಗೆ ಹೋಗ್ಲಿ ಅಂತ."

ಮೆಲ್ಚೋರ್ ನೆಲಕ್ಕೆ ಕೂತು ಹೊಸ ಬೂಟಿನ ದಾರ ಕಟ್ಟುತ್ತಿದ್ದಾರೆ. ಪೂಜೆಯ ಉದ್ದಕ್ಕೂ ಮಗು ಒಬ್ಬರ ಮಡಿಲಿಂದ ಇನ್ನೊಬ್ಬರ ಮಡಿಲಿಗೆ ಹೋಗುತ್ತದೆ. ಕೊನೆಯ ಹಾಡಿಗೆ ಮತ್ತೆ ಹೊದಿಕೆಗೆ ಬರುತ್ತದೆ. ಹೆಂಗಸರು ಏರಿನ ಬುಡದವರೆಗೆ ಬಂದು ನಿಲ್ಲುತ್ತಾರೆ. ಅಲ್ಲಿಂದ ಮುಂದೆ ಬರುವುದಿಲ್ಲ.

ಅಂಗಳದಲ್ಲಿ ಒಡತಿ ಕಾಯುತ್ತಿದ್ದಾರೆ. ಮೇಜುಗಳಿಗೆ ಇನ್ನೂ ರೊಟ್ಟಿ ಬಂದಿಲ್ಲ.

"ಅತಿಥಿಗಳನ್ನ ಎಬ್ಬಿಸಿದೆಯಾ?"

"ಅವರೇ ಬಾಗಿಲು ತೆಗೆದರು, ಸಿನ್ಯೋರಾ."

ಒಡತಿಗೆ ನಗು ತಡೆಯಲಾಗುವುದಿಲ್ಲ. ಹೊದಿಕೆ ಸರಿಸಿ ಹೊಸ ಬೂಟು ನೋಡುತ್ತಾರೆ. "ಮಾರಿದವನು ಈ ಮೂರ್ತಿ ಎಲ್ಲಿಯದು ಅಂತ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ," ಎಂದು ನನ್ನತ್ತ ತಿರುಗುತ್ತಾರೆ. ಮತ್ತೆ ಅವರಿಗೆ: "ಅಲ್ಲ ಮೆಲ್ಚೋರ್, ನಿಮ್ಮೂರಿನವರಿಗೆ ಇದರ ಮೇಲೆ ಯಾಕಿಷ್ಟು ಪ್ರೀತಿ?"

"ಹಳ್ಳಿಯವರು, ಸಿನ್ಯೋರಾ. ಮಕ್ಕಳು ಅಂದ್ರೆ ಹಾಗೇ."

ಮುಂದೇನು ಬೇಕು ಎಂದು ಮೆಟ್ಟಿಲ ಮೇಲೆ ಮೆಲ್ಚೋರ್ ಅವರನ್ನು ಕೇಳುತ್ತೇನೆ. ಅವರು ಹೊದಿಕೆಯ ಅಂಚು ಸರಿಪಡಿಸುತ್ತಾರೆ. "ನನ್ನ ಕೈಲಾಗದೆ ಹೋದ ಮೇಲೆ ಈ ಕೋಣೆ ಗುಡಿಸೋಕೆ ಬರೋರು, ಇವನನ್ನ ಪೂಜೆಗೆ ಕರ್ಕೊಂಡು ಹೋದ್ರೆ ಸಾಕು. ಮುಖಕ್ಕೆ ಗಾಳಿ ತಾಗಬಾರದು, ಅಷ್ಟೆ."

ಲೀಮಾದವರು ತಿಂಡಿಗೆ ಇಳಿದುಹೋಗಿದ್ದಾರೆ. ಮೆಲ್ಚೋರ್ ಮಗುವನ್ನು ಕಪಾಟಿನ ಮೇಲೆ ಕೂರಿಸಿ, ಮುಖವನ್ನು ಕಿಟಕಿಯ ಕಡೆಗೆ, ಬೆಟ್ಟದ ದಾರಿಯ ಕಡೆಗೆ ತಿರುಗಿಸಿ, ಹಾಸಿಗೆಯ ಚಾದರ ಬದಲಿಸಲು ಬಾಗುತ್ತಾರೆ.

ಆ ಮಗು ತಮ್ಮೂರಿನ ಗುಡಿಯದು ಎಂದು ಅವರು ಈ ಮನೆಯಲ್ಲಿ ಯಾರಿಗೂ, ಒಮ್ಮೆಯೂ ಹೇಳಿಲ್ಲ.