ಚಿಪ್ಪಿನಲ್ಲಿ ತಂದ ಕೆಂಡ

ನಿನ್ನೆ ತರೀಕೆರೆಯಲ್ಲಿ, ಮಗಳ ಮನೆಯಲ್ಲಿ, ಮೊಮ್ಮಗಳಿಗೆ ಲಿಂಗಧಾರಣೆ ಆಯಿತು. ಇವತ್ತು ಬೆಳಿಗ್ಗೆ ಅವಳು ಬಂದು ನನ್ನ ಮಡಿಲಿಗೆ ಬಿದ್ದಾಗ ಹಣೆಯ ವಿಭೂತಿಯ ವಾಸನೆ ಬಂತು ನೋಡಿ, ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು. ನನ್ನ ಸಂತೋಷವನ್ನು ಎಲ್ಲಿಡಲಿ ಹೇಳಿ? ಸೆರಗಿಗೆ ಕಟ್ಟಿಕೊಳ್ಳೋಣವೆಂದರೆ ಸೆರಗು ಸಾಲದು. ಅಷ್ಟರಲ್ಲಿ ಅವಳು ಲಿಂಗವಿಟ್ಟ ಕೊರಳಿನ ಹೊಸ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೇಳಿದಳು, "ಅಜ್ಜೀ, ಲಿಂಗ ಎಲ್ಲಾದ್ರೂ ಬಿದ್ದೋದ್ರೆ?"

ಕೂತಲ್ಲೇ ನಾನು ಗಂಡನ ಊರು ಸಿಂಗಟಗೆರೆಗೆ ಹೋಗಿಬಿಟ್ಟೆ.

ಎಪ್ಪತ್ತರ ದಶಕದ ಕೊನೆ ಇರಬೇಕು. ವರ್ಷ ಸರಿಯಾಗಿ ಹೇಳಲು ನಾನು ಓದಿದ್ದು ಅಜ್ಜಂಪುರದಲ್ಲಿ ಮೂರನೇ ಕ್ಲಾಸು, ಅದರಲ್ಲೂ ಅರ್ಧ ನಿದ್ದೆ. ಮದುವೆಯಾಗಿ ಬಂದ ಮೊದಲ ವರ್ಷ ಅದು. ನಮ್ಮ ಅತ್ತೆ ಕೆರೆಯಲ್ಲಿ ಬಟ್ಟೆ ಒಗೆಯುವಾಗ ಕೊರಳಿನ ದಾರ ಸವೆದು ಕಿತ್ತುಹೋಗಿ, ಲಿಂಗ ನೀರಿಗೆ ಬಿತ್ತು. ಊರವರು ಮುಳುಗಿ ಮುಳುಗಿ ಹುಡುಕಿದರು. ಕೆರೆ ಏನೂ ಆಗದ ಹಾಗೆ ಮೋಡವನ್ನು ತೋರಿಸುತ್ತ ಮಲಗಿತ್ತು.

ಲಿಂಗ ಕಳೆದುಕೊಂಡವರು ಬದುಕಿರಬಾರದು ಎನ್ನುವ ಮಾತು ನಮ್ಮ ಹಳಬರಲ್ಲಿತ್ತು. ಅತ್ತೆ ಯಾರನ್ನೂ ಏನೂ ಕೇಳದೆ ಗೋಡೆಗೆ ಮುಖ ಮಾಡಿ ಮಲಗಿದರು. ಅನ್ನವಿಲ್ಲ, ನೀರಿಲ್ಲ. ಅವರು ಉಣ್ಣದ ಮನೆಯಲ್ಲಿ ನಾವು ಒಲೆ ಹಚ್ಚುವುದು ಹೇಗೆ? ಒಲೆಯೂ ಆರಿತು.

ಮೂರನೆಯ ದಿನ ಮಾವ ಮಠದ ಕಿರಿಯ ಸ್ವಾಮಿಗಳನ್ನು ಕರೆತಂದರು. ಕಾಶಿಯಲ್ಲಿ ಓದಿ ಆಗಷ್ಟೇ ಬಂದವರು. ಗಡ್ಡ ಇನ್ನೂ ಎಳೆಯದು. ಚಾಪೆಯ ಮೇಲೆ ಕೂತು ಬಹಳ ಹೊತ್ತು ಹೇಳಿದರು. ಚೈತನ್ಯ ಅಂದರು, ಅವಿನಾಭಾವ ಅಂದರು, ಸಾಮರಸ್ಯ ಅಂದರು. ಕೇಳಲು ಹಿತವಾಗಿತ್ತು, ದೂರದಲ್ಲಿ ಎಲ್ಲೋ ಗಂಟೆ ಬಾರಿಸಿದ ಹಾಗೆ.

ಅತ್ತೆ ಮೆಲ್ಲಗೆ ಕೇಳಿದರು, "ಬುದ್ಯೋರು ಏನಂದ್ರು?"

ಮಾವ ತಲೆ ಕೆರೆದುಕೊಂಡರು. "ಅದು ದೊಡ್ಡ ಮಾತು ಕಣೇ."

"ಹಂಗಾರೆ ಸಾಯ್ಲಿ ಅಂತ ಬಾಯ್ಬಿಟ್ಟು ಹೇಳೋ ಹಂಗಿಲ್ಲ ಅನ್ನು" ಎಂದು ಅತ್ತೆ ಮತ್ತೆ ಗೋಡೆಗೆ ತಿರುಗಿದರು.

ಸ್ವಾಮಿಗಳಿಗೆ ಹಾಲು ಕಾಯಿಸೋಣವೆಂದು ನಾನು ಪಕ್ಕದ ಮನೆಯಿಂದ ಕೆಂಡ ತಂದು ಬಾಗಿಲಲ್ಲಿ ನಿಂತಿದ್ದೆ. ತೆಂಗಿನ ಚಿಪ್ಪು, ತಳದಲ್ಲಿ ಬೂದಿ, ಮೇಲೆ ಕೆಂಡ. ಎಲ್ಲಿಂದ ಬಂತೋ ಧೈರ್ಯ!

"ಬುದ್ಧೀ, ನಮ್ಮತ್ತೆ ಸತ್ತೋಗ್ತಾರೆ. ನಮಗೆ ತಿಳಿಯೋ ಹಂಗೆ ಹೇಳ್ರೀ."

"ಲೇ, ಒಳಗ್ಹೋಗು!" ಮಾವ ಗದರಿದರು.

ಸ್ವಾಮಿಗಳ ಮುಖ ಕೆಂಪಾಯಿತು. ನನ್ನ ಕೈ ನೋಡಿದರು. "ಏನಮ್ಮಾ ಅದು?"

"ಕೆಂಡ, ಬುದ್ಧಿ. ನಮ್ಮೊಲೆ ಆರೋಗಿತ್ತು."

ಅವರು ಚಾಪೆಯಿಂದ ಜರುಗಿ, ಅತ್ತೆಯ ಪಕ್ಕ ಬರಿ ನೆಲದ ಮೇಲೆ ಕೂತರು. "ತಾಯೀ, ಒಲೆ ಆರಿದ್ರೆ ಮನೆ ಸುಡ್ತೀರೋ, ಕೆಂಡ ತರ್ತೀರೋ?"

"ಕೆಂಡ ತತ್ತೀವಿ."

"ಕೊಟ್ಟೋರ ಒಲೆ ಆರೋಗುತ್ತಾ?"

"ಅದ್ಯಾಕೆ ಆರುತ್ತೆ!"

"ಗುರು ನಿಮಗೆ ಕೊಟ್ಟಿದ್ದೂ ಅಂಥದ್ದೇ. ಕಲ್ಲು ಕೆರೇಲಿದೆ, ಬೆಂಕಿ ಎಲ್ಲೂ ಹೋಗಿಲ್ಲ. ನಾಳೆ ಹೊಸ ಲಿಂಗ ಕಟ್ಟಿ ಮತ್ತೆ ಹಚ್ಕೊಳ್ಳೋಣ."

ಅತ್ತೆ ಎದ್ದು ಕೂತರು. ಚಿಪ್ಪನ್ನೇ ನೋಡಿದರು. "ಇಷ್ಟೇನಾ, ಬುದ್ಧೀ?"

"ಇಷ್ಟೇ. ಆಗ್ಲೇ ಹೇಳಿದ್ದೂ ಇದನ್ನೇ."

"ಆಗ್ಲೇ ಹಿಂಗೇ ಹೇಳಕ್ಕೆ ಏನಾಗಿತ್ತು!" ಅಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ನಿಂತ್ಕೊಂಡು ಏನ್ ನೋಡ್ತೀಯೇ? ಕೆಂಡ ಬೂದಿ ಆಗ್ತೈತೆ. ಹೋಗು, ಗಂಜಿ ಇಡು."

ಬೆರಳಲ್ಲಿ ಬೊಬ್ಬೆ ಎದ್ದದ್ದು ನನಗೆ ಗಂಜಿ ಕುದಿದ ಮೇಲೆ ಗೊತ್ತಾಯಿತು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿ, ಸ್ವಾಮಿಗಳ ಹಾಗೆಯೇ ಗಂಭೀರವಾಗಿ ಕೂತೆ. ಅವಳು ಕೇಳಿದಳು, "ಕೆಂಡ ಅಂದ್ರೇನಜ್ಜಿ?"

ಗ್ಯಾಸ್ ಒಲೆಯ ಮನೆಯ ಮಗು! ಇಷ್ಟು ವರ್ಷ ನಾನು ಸುಲಭವೆಂದು ಕಾಪಾಡಿಕೊಂಡು ಬಂದ ಮಾತೇ ಈಗ ಸಂಸ್ಕೃತವಾಗಿತ್ತು. ಕೆಂಡದ ಬದಲು ತೋರಿಸಲು ಏನಾದರೂ ಸಿಗುತ್ತದೇನೋ ಎಂದು ಮನೆಯೆಲ್ಲ ಕಣ್ಣಾಡಿಸಿದೆ.

ಅವಳು ಕರಡಿಗೆಯನ್ನು ಬೆರಳಲ್ಲಿ ತಿರುಗಿಸುತ್ತ ಯೋಚಿಸಿದಳು. "ಅಜ್ಜೀ, ನೀನು ನಂಗೆ ಕತೆ ಹೇಳಿದ್ರೂ ನಿನ್ನತ್ರ ಕತೆ ಇರುತ್ತಲ್ಲ? ನಾನು ಮರೆತ್ರೆ ಇನ್ನೊಂದ್ಸಲ ಕೇಳ್ಬೋದಲ್ಲ? ಹಂಗಾ?"

ನಾನು ಅವಳ ಹಣೆಗೆ ಮೂಗು ತಾಗಿಸಿದೆ. ವಿಭೂತಿ ನನ್ನ ಮೂಗಿಗೂ ಹತ್ತಿತು.

"ಹೂಂ ಕಣೇ, ಹಂಗೇ. ಇನ್ನೊಂದ್ಸಲ ಹೇಳು, ಅಜ್ಜಿ ಕಲ್ತ್ಕೊಳ್ತೀನಿ."