ಮೂರು ಊರಿನ ಬಾಗಿನ

ಗೌರಿ ಹಬ್ಬಕ್ಕೆ ಇನ್ನೂ ಎರಡು ದಿನವಿತ್ತು. ಬೆಳಗಿನ ತುಂತುರು ಮಳೆಯಲ್ಲಿ ಮೂರು ಜೊತೆ ಬಿದಿರಿನ ಮೊರಗಳನ್ನು ಹಗ್ಗದಲ್ಲಿ ಕಟ್ಟಿ, ತಲೆಯ ಮೇಲೆ ಹೊತ್ತುಕೊಂಡು ಮಂಡ್ಯದ ಬಸ್ ನಿಲ್ದಾಣಕ್ಕೆ ಬಂದೆ. ಪ್ರತಿ ವರ್ಷ ಒಂದೇ ಜೊತೆ ಇರುತ್ತಿತ್ತು. ಮದ್ದೂರಿನ ಅಕ್ಕ ಸುಧಾಳಿಗೆ ತವರಿನ ಬಾಗಿನ ಕೊಟ್ಟು, ಅವಳ ಕೈಯಡುಗೆ ಉಂಡು, ಮಧ್ಯಾಹ್ನಕ್ಕೆಲ್ಲ ಮಂಡ್ಯದ ನನ್ನ ಕನ್ನಡಕದ ಅಂಗಡಿಗೆ ವಾಪಸಾಗುತ್ತಿದ್ದೆ. ಈ ಸಲದ ಪ್ರಯಾಣವೂ ಜಿಲ್ಲೆಯ ಗಡಿ ದಾಟುವಂಥದ್ದಲ್ಲ. ಆದರೂ ಹೊರಡುವಾಗ ಕಾಶಿಗೆ ಹೋಗುವವನಿಗಿಂತ ಹೆಚ್ಚಿನ ಭಯ ನನಗಿತ್ತು.

ಯಾಕೆ ಮೂರು ಜೊತೆ ಎಂದು ಮೊದಲೇ ಹೇಳಿಬಿಡುತ್ತೇನೆ. ನನಗೆ ಎಂಟು, ಅಕ್ಕನಿಗೆ ಹನ್ನೆರಡು ವರ್ಷವಾಗಿದ್ದಾಗ ಅಪ್ಪ ಅಮ್ಮ ಕೋರ್ಟಿನಲ್ಲಿ ಬೇರೆಯಾದರು. ಆಮೇಲೆ ಇಬ್ಬರೂ ಇನ್ನೊಂದು ಮದುವೆ ಮಾಡಿಕೊಂಡರು. ದುದ್ದದಲ್ಲಿ ಅಪ್ಪನ ಎರಡನೇ ಸಂಸಾರದಲ್ಲಿ ಚಂದ್ರಿಕಾ ಹುಟ್ಟಿದಳು. ಅಮ್ಮನನ್ನು ಮದುವೆಯಾದ ಮಳವಳ್ಳಿಯ ಮೇಷ್ಟರ ಮೊದಲ ಹೆಂಡತಿ ತೀರಿಕೊಂಡಿದ್ದರು, ತೊಟ್ಟಿಲಲ್ಲಿ ರೂಪಾ ಇದ್ದಳು. ಶಾಲೆಯ ದಿನಗಳಲ್ಲಿ ಅಪ್ಪನ ಮನೆ, ರಜದಲ್ಲಿ ಅಮ್ಮನ ಮನೆ ಎಂದು ಓಡಾಡಿಕೊಂಡಿದ್ದ ನಾನು ಎರಡು ಕಡೆಯೂ ಅಣ್ಣನಾದೆ. ಅಕ್ಕ ಎರಡು ಕಡೆಯೂ ಹೋಗಲಿಲ್ಲ. ಅಜ್ಜಿಯ ಮನೆಯಲ್ಲಿ ಬೆಳೆದು, ಅಲ್ಲಿಂದಲೇ ಮದುವೆಯಾಗಿ ಮದ್ದೂರಿಗೆ ಹೋದಳು. ಚಂದ್ರಿಕಾಳ ಮದುವೆಗೆ ಬರಲಿಲ್ಲ. ಅಮ್ಮ ತೀರಿಕೊಂಡಾಗ ಮಣ್ಣಿಗೆ ಬಂದವಳು ರೂಪಾಳ ಮುಖ ನೋಡದೆ ಹಿಂತಿರುಗಿದಳು.

ಈ ವರ್ಷ ಬೆಸಗರಹಳ್ಳಿಗೆ ಸೊಸೆಯಾಗಿ ಹೋಗಿರುವ ಚಂದ್ರಿಕಾಳಿಗೆ ಮದುವೆಯ ನಂತರದ ಮೊದಲ ಗೌರಿ. ಅಪ್ಪನಿಗೆ ಮಂಡಿನೋವು, ಬಾಗಿನ ನಾನೇ ಒಯ್ಯಬೇಕು. ಪೂರಿಗಾಲಿಯಲ್ಲಿರುವ ರೂಪಾಳಿಗೆ ಪ್ರತಿ ವರ್ಷ ಮೇಷ್ಟರೇ ಬಾಗಿನ ಒಯ್ಯುತ್ತಿದ್ದರು. ಅವರು ಕಳೆದ ಚಳಿಗಾಲದಲ್ಲಿ ತೀರಿಹೋದರು. ಹಿಂದಿನ ವಾರ ರೂಪಾ ಫೋನು ಮಾಡಿದ್ದಳು. "ಅಣ್ಣಾ, ನಮ್ಮತ್ತೆ ಬೀದೀಗೆಲ್ಲ ಯೋಳ್ಕಂಡು ಬತ್ತಾವ್ರೆ, ನಮ್ ಸೊಸೇಗೆ ಇನ್ ತವರಿಲ್ಲ ಅಂತ. ನಮ್ಮಣ್ಣ ಬಂದೇ ಬತ್ತಾನೆ ಅಂತ ನಾನೂ ಅಂದ್ಬುಟ್ಟಿವ್ನಿ. ನೀನು ಬರ್ನಿಲ್ಲ ಅಂದ್ರೆ ನಾನು ನಲ್ಲಿ ತಾವ್ಕೂ ಓಗಂಗಿಲ್ಲ!"

ಬರುತ್ತೇನೆ ಎಂದೆ. ಅಕ್ಕನಿಗೆ ಮಾತ್ರ ಏನೂ ಹೇಳಿರಲಿಲ್ಲ.

ಮದ್ದೂರಿನ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಹೊರೆಯನ್ನು ನೋಡಿ, "ಏನ್ ಸಾರ್, ಮೊರದಂಗಡಿ ಇಡಾಕೆ ಓಯ್ತಿದ್ದೀರಾ? ಲಗೇಜ್ ತಗೋಬೇಕು," ಎಂದ. ಪಕ್ಕದ ಸೀಟಿನಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ಅಜ್ಜಿಯೊಬ್ಬರು ನನ್ನ ಪರವಾಗಿ ವಾದಕ್ಕಿಳಿದರು. "ಅದು ಎಣ್ಮಕ್ಕಳ ಬಾಗಿನ ಕಣಪ್ಪ. ಎಣ್ಮಕ್ಕಳಿಗೆ ಬಸ್ಸು ಫ್ರೀ ಅಂದ್ಮೇಲೆ ಅವರ ಬಾಗಿನಕ್ಕೆ ಯಾತರ ಕಾಸು?"

"ಬಾಗಿನಕ್ಕೆ ಆಧಾರ್ ಕಾರ್ಡ್ ಅದಾ ಅಜ್ಜಿ?" ಎಂದ ಕಂಡಕ್ಟರ್.

ಬಸ್ಸೆಲ್ಲ ನಕ್ಕಿತು. ಕೊನೆಗೆ ಅವನು ಲಗೇಜಿನ ಚೀಟಿ ಹರಿಯದೆ ಮುಂದೆ ಹೋದ. ಅಜ್ಜಿ ಮಾತ್ರ ವಕೀಲರ ಫೀಸು ಬಿಡುವವರಲ್ಲ. ಮೂರೂ ಜನ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಾ ಎಂದು ಕೇಳಿದರು. ನಾನು ವಿವರಿಸಿದೆ. ಅವರು ಬೆರಳು ಮಡಚುತ್ತಾ, ಬಿಚ್ಚುತ್ತಾ ಕೇಳಿದರು. ಮುಂದಿನ ಸೀಟಿನವರೂ ಹಿಂದೆ ತಿರುಗಿ ಕೂತರು. ಬಸ್ಸು ಕಬ್ಬಿನ ಗದ್ದೆಗಳನ್ನು ದಾಟುವಷ್ಟರಲ್ಲಿ ನಮ್ಮ ಮನೆಯ ವಿಚ್ಛೇದನದ ತೀರ್ಪು ಎರಡನೇ ಸಲ ಹೊರಬಿದ್ದಿತ್ತು.

"ಆ ಪೂರಿಗಾಲಿ ಎಣ್ಣುಗೂ ನಿಂಗೂ ಅಪ್ಪನೂ ಬ್ಯಾರೆ, ಅವ್ವನೂ ಬ್ಯಾರೆ. ಇನ್ನೆಂಗ್ಲಾ ತಂಗಿ ಆದ್ಲು?" ಎಂದರು ಅಜ್ಜಿ.

"ಚಿಕ್ಕೋಳಿದ್ದಾಗ ಅವಳ ಮೂಗು ನಾನೇ ಒರೆಸ್ತಿದ್ದೆ ಅಜ್ಜಿ," ಎಂದೆ.

ಅಜ್ಜಿ ಸ್ವಲ್ಪ ಯೋಚಿಸಿದರು. "ಅಂಗಾದ್ರೆ ಸರಿ ಬುಡು, ತಂಗೀನೇಯ."

ಮದ್ದೂರಿನಲ್ಲಿ ಮಳೆ ನಿಂತಿತ್ತು. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ಹಬ್ಬದ ಗಿರಾಕಿಗಳ ಬಟ್ಟೆ ಸುತ್ತಲೂ ರಾಶಿ ಬಿದ್ದಿತ್ತು. ಭಾವ ಕೆಲಸಕ್ಕೆ ಹೋಗಿದ್ದರು. ಅಕ್ಕ ಮಿಷನ್ ನಿಲ್ಲಿಸಿ ಎದ್ದವಳು, ನಗುತ್ತಲೇ ಬಂದವಳು, ಹೊರೆ ನೋಡಿ ನಿಂತುಬಿಟ್ಟಳು.

"ಇದ್ಯಾಕ್ಲಾ ಮೂರು ಜೊತೆ?"

ಹೇಳಿದೆ. ಹೇಳುವಾಗ ನನ್ನ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲಿತ್ತು. ಅಕ್ಕ ಒಳಗೆ ಹೋಗಿ ಮುದ್ದೆ, ಉಪ್ಸಾರು ಬಡಿಸಿದಳು. ಮುದ್ದೆಯನ್ನು ತಟ್ಟೆಗೆ ಇಟ್ಟ ಸದ್ದಿನಲ್ಲಿಯೇ ಅವಳ ಅಭಿಪ್ರಾಯ ಗೊತ್ತಾಯಿತು. ನಾನು ಎರಡು ತುತ್ತು ನುಂಗಿದ ಮೇಲೆ ಬಾಯಿ ಬಿಟ್ಟಳು. "ಅಪ್ಪ ಅಮ್ಮ ಇಬ್ರೂ ನನ್ ಬುಟ್ಬುಟ್ಟು ಬ್ಯಾರೆ ಎಣ್ಮಕ್ಳ ಸಾಕುದ್ರು. ಇದ್ದೋನು ನೀನೊಬ್ಬ. ನಿನ್ನೂ ಅವ್ರು ಪಾಲು ಮಾಡ್ಕಂಡ್ರಾ? ನನ್ ಬಾಗಿನಾನೂ ಅವ್ರಿಗೇ ಕೊಟ್ಬುಡು ಓಗು, ನಂಗ್ಬ್ಯಾಡ."

ಉಪ್ಸಾರಿನ ಖಾರ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ನೀರು ಕುಡಿದು, ತಲೆ ತಗ್ಗಿಸಿ ಉಂಡೆ.

ಕೈ ತೊಳೆದು ಬರುವಷ್ಟರಲ್ಲಿ ಅಕ್ಕ ಮೊರಗಳ ಹಗ್ಗ ಬಿಚ್ಚಿ ಕೂತಿದ್ದಳು. ಬೇಡವೆಂದರೂ ನೋಡದೆ ಇರಲಾರದ ಜೀವ. ಅಕ್ಕಿ, ಬೇಳೆ, ಬೆಲ್ಲ, ಕಾಯಿ, ಅರಿಶಿನ ಕುಂಕುಮ, ರವಿಕೆ ಕಣ ಎಲ್ಲವನ್ನೂ ನನ್ನ ಹೆಂಡತಿ ಜೋಡಿಸಿದ್ದಳು. ಬಳೆ ಮಾತ್ರ ನನ್ನ ಖರೀದಿ. ಅಕ್ಕ ಒಂದು ಬಳೆ ಎತ್ತಿ ಬೆಳಕಿಗೆ ಹಿಡಿದಳು. ಇನ್ನೊಂದು ಮೊರದಿಂದ ಇನ್ನೊಂದು ತೆಗೆದಳು.

"ಮೂರು ಜನಕ್ಕೂ ಒಂದೇ ಸೈಜಾ?"

"ಅಂಗಡಿಯೋನು ಎಲ್ಲಾರ್ಗೂ ಆಯ್ತದೆ ಅಂದ."

"ಎಲ್ಲಾರ್ಗೂ ಆಗಾಕೆ ಇದೇನು ಛತ್ರೀನಾ? ಕಣ್ಣಿಗೆ ಗ್ಲಾಸಾಕೋನು ನೀನು, ಕೈ ಸೈಜು ನೋಡಾಕ್ ಬರಾಕಿಲ್ವಾ? ಇದ ತಗಂಡೋಗಿ ಆ ಪೂರಿಗಾಲಿ ಅತ್ತೆ ಮುಂದಿಟ್ರೆ ಏನಂದಾಳು? ನಮ್ಮನೆ ಮರ್ಯಾದೆ ಏನಾಗ್ಬೇಕು?"

ನಮ್ಮನೆ ಎಂದದ್ದು ಅವಳಿಗೇ ಕೇಳಿಸಿತೋ ಇಲ್ಲವೋ. ನಾನು ಕೇಳಿಸಿಕೊಂಡೆ. ಅವಳು ಸೀರೆ ಬದಲಾಯಿಸಿಕೊಂಡು ಬಂದು, ತನ್ನ ಜೊತೆ ಮೊರ ಅಲ್ಲೇ ಬಿಟ್ಟು, ಮಿಕ್ಕ ಎರಡು ಜೊತೆಯನ್ನು ನನ್ನ ತಲೆಗೇರಿಸಿ, ಬೇರೆ ಬಳೆ ಕೊಳ್ಳಲು ನನ್ನೊಡನೆ ಪೇಟೆಬೀದಿಗೆ ಹೊರಟಳು. ಅಂಗಡಿಯಲ್ಲಿ ಹಲವು ಅಳತೆಯ ಬಳೆಗಳನ್ನು ಮುಂದೆ ಹಾಕಿಸಿಕೊಂಡು, "ಅವ್ರ ಕೈ ಎಷ್ಟ್ ದಪ್ಪ?" ಎಂದು ನನ್ನನ್ನು ಕೇಳಿದಳು. ನಾನು ನನ್ನ ಮುಂಗೈ ಹಿಡಿದುಕೊಂಡು ಯೋಚಿಸಿದೆ. ಅಂಗಡಿಯ ಹೆಂಗಸು ನಕ್ಕಳು. ಅಕ್ಕನಿಗೆ ರೇಗಿ, ಪ್ರತಿ ಅಳತೆಯಲ್ಲೂ ಒಂದೊಂದು ಡಜನ್ ಕಟ್ಟಿಸಿದಳು. "ನಾನೇ ಬಂದು ತೊಡಿಸ್ತೀನಿ ನಡಿ. ಮಿಕ್ಕಿದ್ದ ಬರೋವಾಗ ವಾಪಸ್ ಕೊಡಾನ. ಬಸ್ಸೆಂಗೂ ಫ್ರೀ, ನನ್ ಗಂಟೇನು ಓಯ್ತದೆ?"

ಬೆಸಗರಹಳ್ಳಿ ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ತಿರುಗಿದವಳು ಈ ಕಡೆ ತಿರುಗಲಿಲ್ಲ. ಮಳೆ ತೊಳೆದ ತೆಂಗಿನ ಮರಗಳು, ಹಿಪ್ಪುನೇರಳೆ ತೋಟಗಳು ಹಿಂದೆ ಸರಿದವು. ಒಂದು ಸಲ ಮಾತ್ರ, "ಬಳೆ ತೊಡಿಸಿ ತಕ್ಷಣ ಎದ್ಬುಡ್ತೀನಿ, ನೀರೂ ಕುಡಿಯಾಕಿಲ್ಲ," ಎಂದಳು.

ಚಂದ್ರಿಕಾ ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದವಳು ಕೈ ಒರೆಸಿಕೊಳ್ಳುತ್ತಾ ಓಡಿಬಂದಳು. ನನ್ನ ಹಿಂದೆ ನಿಂತವಳನ್ನು ಕಂಡು ಅವಳ ಕಾಲು ಅಲ್ಲೇ ನಿಂತಿತು. ಅಪ್ಪನ ಮನೆಯ ಫೋಟೋದಲ್ಲಿ ನೋಡಿದ್ದಳು, ಅಷ್ಟೆ. "ಅಕ್ಕ..." ಎಂದಳು. ಅಕ್ಕ, "ಕೈ ಕೊಡು," ಎಂದಳು. ಪೊಲೀಸರು ಬೇಡಿ ಹಾಕುವಾಗ ಹೇಳುವ ಧಾಟಿ. ಚಂದ್ರಿಕಾ ಹೆದರಿ ಎರಡೂ ಕೈ ಚಾಚಿದಳು.

ಪಡಸಾಲೆಯಲ್ಲಿ ಬಾಗಿನ ಇಟ್ಟು, ಅರಿಶಿನದ ಪೊಟ್ಟಣ ಬಿಚ್ಚಿದ್ದೇ ಅಕ್ಕನಿಗೆ ಸೀನು ಬಂತು. ನಮ್ಮ ಅಪ್ಪನ ಸೀನು ಸಾಮಾನ್ಯದ್ದಲ್ಲ. ಮೊದಲು ಒಂದು ಕೂಗು, ಆಮೇಲೆ ಸ್ಫೋಟ, ಕೊನೆಗೆ 'ಅಯ್ಯಪ್ಪಾ'. ಅಕ್ಕನದೂ ಅದೇ. ಅದು ಮುಗಿಯುವ ಮೊದಲೇ ಚಂದ್ರಿಕಾಳಿಗೂ ಬಂತು. ಅದೇ ಕೂಗು, ಅದೇ ಸ್ಫೋಟ, ಅದೇ ಅಯ್ಯಪ್ಪ. ಅಂಗಳದ ಕೋಳಿಗಳು ಬೇಲಿ ಹಾರಿದವು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು, ನಗು ತಡೆಯಲು ಹೋಗಿ ಮತ್ತೆ ಸೀನಿದರು.

ಬಳೆ ತೊಡಿಸಿಕೊಳ್ಳುತ್ತಾ ಚಂದ್ರಿಕಾ ಹೇಳಿದಳು: "ಅಕ್ಕ, ನಿಂಗೊಂದು ಇಚಾರ ಗೊತ್ತಾ? ಅಪ್ಪ ನನ್ನ ಕರ್ಯೋದೇ ಸುಧಾ ಅಂತ. ಬಾಯ್ತಪ್ಪಿ ಬಂದ್ಬುಡ್ತದೆ. ಲೇ ಸುಧಾ, ಆಲ್ ಉಕ್ಸುದ್ಯಾ? ಲೇ ಸುಧಾ, ಎಮ್ಮೆ ಬುಟ್ಬುಟ್ಯಾ? ನಿನ್ನೆಸರಲ್ಲಿ ನಾನೆಷ್ಟ್ ಬೈಸ್ಕಂಡಿವ್ನಿ ಅಂತೀಯ!"

ಅಕ್ಕನ ಕೈ ನಿಂತಿತು. ಬಳೆ ಚಂದ್ರಿಕಾಳ ಹೆಬ್ಬೆರಳ ಗಂಟಿನ ಹತ್ತಿರವೇ ಉಳಿಯಿತು.

"ಬೈವಾಗ ಮಾತ್ರವಾ?" ಎಂದಳು.

"ಮುದ್ದು ಮಾಡ್ವಾಗ್ಲೂವೆ," ಎಂದಳು ಚಂದ್ರಿಕಾ. "ನಮ್ಮವ್ವಂಗೆ ಅದೇ ಒಟ್ಟೆಕಿಚ್ಚು."

ಅಕ್ಕ ಬಳೆಯನ್ನು ಮೆಲ್ಲಗೆ ಒಳಕ್ಕೆ ಸರಿಸಿದಳು. ಅರಿಶಿನದ ಘಾಟು ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನೀರೂ ಕುಡಿಯಾಕಿಲ್ಲ ಎಂದಿದ್ದವಳು ಎಳನೀರು ಕುಡಿದು, ತಿಂಡಿ ತಿಂದು, ಚಂದ್ರಿಕಾಳ ರವಿಕೆಯ ತೋಳು ಸರಿಯಿಲ್ಲವೆಂದು ಬೈದು, ಬಿಚ್ಚಿ ಹೊಲಿದು ಕೊಡುತ್ತೇನೆಂದು ನಾಲ್ಕು ರವಿಕೆ ಚೀಲಕ್ಕೆ ತುರುಕಿಕೊಂಡಳು. ಮಧ್ಯಾಹ್ನದ ಬಸ್ಸು ತಪ್ಪಿಹೋಯಿತು. ಮುಂದಿನ ಬಸ್ಸಿಗೆ ಕಾಯುತ್ತಾ ಕೂತಾಗ ನಾನು ಗಡಿಯಾರ ನೋಡಿದರೆ, "ಏನ್ ಒತ್ತು ಮುಳುಗೋಯ್ತದಾ?" ಎಂದು ನನಗೇ ಬೈದಳು.

ಮದ್ದೂರಿಗೆ ಮರಳಿದಾಗ ಅಕ್ಕ ಅಲ್ಲೇ ಇಳಿದು ಮನೆಗೆ ಹೋಗುತ್ತಾಳೆ ಎಂದುಕೊಂಡಿದ್ದೆ. ಇಳಿದಳು, ನೇರ ಮಳವಳ್ಳಿ ಬಸ್ಸಿನ ಬಳಿ ಹೋಗಿ ಹತ್ತಿ, ನನಗೂ ಒಂದು ಸೀಟಿಗೆ ಕರ್ಚೀಪು ಹಾಕಿದಳು. ಸಂಜೆಯಾಗುತ್ತಿದ್ದಂತೆ ಮೋಡ ಮತ್ತೆ ಕವಿದಿತ್ತು. ಮಳವಳ್ಳಿಯಲ್ಲಿ ಟೀ ಕುಡಿದು ಪೂರಿಗಾಲಿ ಕಡೆಯ ಬಸ್ಸು ಹಿಡಿದೆವು. ಬಸ್ಸು ಗಡಗಡ ಅನ್ನುವ ದಾರಿಯಲ್ಲಿ ಅಕ್ಕ ಮೆಲ್ಲಗೆ ಕೇಳಿದಳು: "ಅಮ್ಮ ಅವಳ್ಗೂ ಲಂಗ ಒಲಿದು ಕೊಡ್ತಿತ್ತಾ?"

"ಊಂ," ಎಂದೆ. ಸುಳ್ಳು ಹೇಳಿದ್ದರೆ ಒಳ್ಳೆಯದಿತ್ತೇನೋ.

ರೂಪಾಳ ಅತ್ತೆ ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ನಾವು ಬರುವುದನ್ನು ದೂರದಿಂದಲೇ ನೋಡಿದ್ದರು, ಪಕ್ಕದ ಮನೆಯ ಇಬ್ಬರು ಹೆಂಗಸರೂ ಸಾಕ್ಷಿಗೆ ಬಂದು ನಿಂತಿದ್ದರು. ರೂಪಾ ಒಳಗಿನಿಂದ ಬಂದು, ನನ್ನ ಜೊತೆ ಅಕ್ಕನನ್ನು ಕಂಡು, ಹೊಸಿಲಿನಲ್ಲೇ ಬಾಗಿಲು ಹಿಡಿದು ನಿಂತಳು. ಅತ್ತೆ ನನ್ನನ್ನು ಬಿಟ್ಟು ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಈಯಮ್ಮ ಯಾರು?" ಎಂದರು.

ನಾನು ಬಾಯಿ ತೆರೆದೆ. ಬಸ್ಸಿನ ಅಜ್ಜಿಗೆ ಹೇಳಿದ ವಂಶಾವಳಿಯನ್ನು ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಹಾಗೇ ನಿಂತೆ. ಅಷ್ಟರಲ್ಲಿ ಅಕ್ಕ ಮುಂದೆ ಬಂದಳು.

"ನಾನು ರೂಪನ ಅಕ್ಕ ಕಣವ್ವ. ತವರಿಂದ ಬಾಗಿನ ತಂದಿವ್ನಿ."

"ರೂಪಂಗೆ ಅಕ್ಕ ಅವ್ಳೆ ಅಂತ ಇಷ್ಟ್ ವರ್ಸದಲ್ಲಿ ಯಾರೂ ಯೋಳೇ ಇಲ್ವಲ್ಲ?"

"ಎಂಗ್ ಯೋಳ್ತಾಳೆ? ಮಾತ್ ಬುಟ್ಟಿದ್ದೋ. ಅಕ್ಕತಂಗೀರು ಅಂದ್ಮೇಲೆ ಜಗಳ ಆಡಾಕಿಲ್ವಾ?"

ಪಕ್ಕದ ಮನೆಯ ಹೆಂಗಸರು ಅದು ನಿಜವೆಂದು ತಲೆಯಾಡಿಸಿದರು. ಅತ್ತೆಗೂ ಇದು ನಂಬುವ ಮಾತೆನಿಸಿತು, ಆದರೂ ಬಿಡಲಿಲ್ಲ. "ಯಾತಕ್ಕೆ ಜಗಳ?"

ಅಕ್ಕ ತಡವರಿಸಿದಳು. "ಅದೇ... ಒಂದ್ ಲಂಗುಕ್ಕೆ."

"ನಾನೇನ್ ಕಿತ್ಕಂಡಿದ್ನಾ?" ಎಂದಳು ರೂಪಾ ಹೊಸಿಲಿನಿಂದಲೇ. "ಅವ್ವ ಒಲಿವಾಗ್ಲೆಲ್ಲ ಎರಡೆರಡು ಒಲೀತಿತ್ತು. ಒಂದ ಪೆಟ್ಟಿಗೇಲಿ ಮಡುಗ್ತಿತ್ತು, ಸುಧಾ ಬಂದ್ರೆ ಆಯ್ತದೆ ಅಂತ. ಅದ ಮುಟ್ಟುದ್ರೆ ನಂಗೆ ಏಟು ಬೀಳ್ತಿತ್ತು! ಒಂದ್ ಸಲ ಕದ್ದಾಕ್ಕಂಡೆ, ಕಾಲ್ಗೆ ಸಿಕ್ಕಾಕ್ಕಂಡು ಬಿದ್ದೆ. ನೀನು ಬರ್ನೇ ಇಲ್ಲ. ಬಂದಿದ್ರೆ ನಾನ್ಯಾಕೆ ಏಟು ತಿಂತಿದ್ದೆ?"

ಇದು ನಾಟಕವಾಗಿರಲಿಲ್ಲ. ಆ ಲಂಗಗಳ ವಿಷಯ ನನಗೂ ಗೊತ್ತಿರಲಿಲ್ಲ.

ಅಕ್ಕ ಚೀಲ ಕೆಳಗಿಟ್ಟಳು. "ಅದ ಅವತ್ತೇ ಯೋಳಾಕೆ ನಿಂಗೇನಾಗಿತ್ತೇ?" ಎಂದು ಕೂಗಿದಳು. "ನೀನು ಮೊಕ ಕೊಟ್ರಲ್ವಾ ಯೋಳಾದು!" ಎಂದು ರೂಪಾಳೂ ಕೂಗಿದಳು. ಇಬ್ಬರೂ ಅಳುತ್ತಾ ಬೈದಾಡಿಕೊಂಡರು. ಅತ್ತೆ ಸೊಪ್ಪಿನ ಕೈಯಲ್ಲೇ ಎದ್ದು ಇಬ್ಬರ ನಡುವೆ ನಿಂತು, "ಅಯ್ಯೋ, ಅಬ್ಬ ಅತ್ರ ಬಂದದೆ ಬುಡ್ರವ್ವ," ಎಂದು ಸಮಾಧಾನ ಮಾಡಿದರು. ನೆರೆಯವರಿಗೆ ತಿರುಗಿ, ಒಂದು ಬಗೆಯ ಹೆಮ್ಮೆಯಿಂದ, "ನಮ್ ರೂಪನ ತವರ್ನೋರು ಬಲೇ ಬಾಯಿ," ಎಂದರು.

ಒಳಗೆ ಶಾವಿಗೆ, ಕಾಯಿಹಾಲು ಆಯಿತು. ಮಳೆ ಜೋರಾದ್ದರಿಂದ ಅತ್ತೆ ಅಕ್ಕನನ್ನು ಕಳಿಸಲು ಒಪ್ಪಲಿಲ್ಲ. ಅಕ್ಕನೂ ಒಪ್ಪಿಸಲು ಹೆಚ್ಚು ಕಷ್ಟಪಡಲಿಲ್ಲ. ನಾನೊಬ್ಬನೇ ಛತ್ರಿ ಹಿಡಿದು ಹೊರಟೆ. ತಿರುವಿನಲ್ಲಿ ಹಿಂತಿರುಗಿ ನೋಡಿದರೆ, ಜಗಲಿಯ ದೀಪದಲ್ಲಿ ಅಕ್ಕ ಸೋಪು ಹಚ್ಚಿ ರೂಪಾಳ ಕೈಗೆ ಬಳೆ ಏರಿಸುತ್ತಿದ್ದಳು. "ಕೈ ಸಡ್ಲ ಬುಡೇ!" ಎನ್ನುವುದು ಮಳೆಯಲ್ಲೂ ಕೇಳಿಸಿತು.

ಬಸ್ಸು ಹತ್ತಿ ಭಾವನಿಗೆ ಫೋನು ಮಾಡಿದೆ. ಅಕ್ಕ ಇವತ್ತು ತಂಗಿಯ ಮನೆಯಲ್ಲಿ ಉಳಿದಳು ಎಂದೆ.

"ತಂಗೀನಾ? ಯಾವ ತಂಗಿ?" ಎಂದರು ಭಾವ.

"ಪೂರಿಗಾಲಿ ತಂಗಿ, ಭಾವ. ಬೆಸಗರಹಳ್ಳಿ ತಂಗಿ ಮನೇಲಿ ಮಧ್ಯಾಹ್ನವೇ ತಿಂಡಿ ಆಯ್ತು."

"ಬೆಳಿಗ್ಗೆ ನಾನು ಮನೆಯಿಂದ ಓಗೋವಾಗ ಅವಳಿಗೆ ಒಬ್ಬ ತಮ್ಮ ಬುಟ್ರೆ ಯಾರೂ ಇರ್ನಿಲ್ಲ ಕಣಪ್ಪ," ಎಂದರು ಭಾವ. "ಒಂದ್ ದಿನ ಮನೇಲಿ ಇಲ್ದಿದ್ರೆ ಏನೇನಾಗೋಯ್ತದೆ ನೋಡು."