ಕಟ್ ಮಾಡಲಾಗದ ಕರೆ

ದೇವನಹಳ್ಳಿಯ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಪದ್ಮಶ್ರೀಗೆ ಅವಳು ಹೋಗುತ್ತಿದ್ದ ಚರ್ಚಿನ ಸಭೆಯ ಪಾದ್ರಿ ಅಯ್ಯನವರು ಒಂದು ಜವಾಬ್ದಾರಿ ಒಪ್ಪಿಸಿದ್ದರು. ಸುವಾರ್ತೆ ಸಾರಲೆಂದು ಬೇರೆ ಬೇರೆ ಊರುಗಳಿಂದ ಬಂದ ಹುಡುಗ ಹುಡುಗಿಯರು ಸುತ್ತಮುತ್ತಲ ಊರುಗಳಲ್ಲಿ ಇಬ್ಬಿಬ್ಬರಾಗಿ ಬಾಡಿಗೆ ಮನೆ ಮಾಡಿಕೊಂಡಿರುತ್ತಿದ್ದರು. ಸಭೆಯೇ ಅವರಿಗೆ ಫೋನು ಕೊಡಿಸಿತ್ತು. ಅದನ್ನು ಹೇಗೆ ಬಳಸಬೇಕು, ಎಲ್ಲಿ ಎಚ್ಚರವಾಗಿರಬೇಕು ಎಂದು ಹೇಳಿಕೊಡುವವರು ಬೇಕಾಗಿದ್ದರು.

"ಫೋನಿನ ವಿಷ್ಯ ನನಗೇನಮ್ಮ ಗೊತ್ತು? ನೀನೇ ಈ ಮಕ್ಕಳಿಗೆ ಅಕ್ಕನ ಥರ ಇದ್ದು ನೋಡ್ಕೋ" ಎಂದಿದ್ದರು ಅಯ್ಯನವರು. ಪದ್ಮಶ್ರೀ ಸಂತೋಷದಿಂದಲೇ ಒಪ್ಪಿಕೊಂಡಳು.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ತೂಬಗೆರೆ ಕಡೆ ಇದ್ದ ಒಬ್ಬ ಹುಡುಗ, ಕಾಯಿಲೆಯವರೊಬ್ಬರ ಮನೆಯಲ್ಲಿ ಪ್ರಾರ್ಥನೆ ಮಾಡಿದ್ದನ್ನು ವಿಡಿಯೊ ಮಾಡಿ ಸ್ಟೇಟಸ್‌ಗೆ ಹಾಕಿಬಿಟ್ಟ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ವಿಡಿಯೊ ಯಾರು ಯಾರದೋ ಗ್ರೂಪುಗಳಲ್ಲಿ ಸುತ್ತಿ, ಅದರ ಮೇಲೆ ಯಾರೋ ಏನೇನೋ ಬರೆದು, ಕೊನೆಗೆ ಆ ಮನೆಯ ಮುಂದೆ ಜನ ಸೇರಿದರು. ಹೊಡೆದಾಟ ಆಗಲಿಲ್ಲ. ಊರಿನ ಹಿರಿಯರು ಸಮಾಧಾನ ಮಾಡಿ ಕಳಿಸಿದರು. ಹಾಸಿಗೆ ಹಿಡಿದಿದ್ದ ಆ ಹೆಂಗಸು ಮಾತ್ರ, "ನನ್ನ ಮುಖ ಯಾಕಪ್ಪಾ ಊರಿಗೆಲ್ಲ ತೋರ್ಸಿದ್ರಿ?" ಎಂದು ಕೇಳಿದ್ದು ಪದ್ಮಶ್ರೀಯ ಕಿವಿಯಲ್ಲಿ ಉಳಿದುಬಿಟ್ಟಿತು.

ಅಂದಿನಿಂದ ಅವಳ ಭಾನುವಾರದ ಪಾಠ ಬಿಗಿಯಾಯಿತು. ಯಾರ ಫೋಟೊವನ್ನೂ ಕೇಳದೆ ತೆಗೆಯಬೇಡಿ. ಯಾರ ಮನೆಯ ವಿಳಾಸವನ್ನೂ ಫೋನಿನಲ್ಲಿ ಹೇಳಬೇಡಿ. ಯಾರಾದರೂ ಹೆದರಿಸಿದರೆ ಮಾತು ಬೆಳೆಸದೆ ಕಟ್ ಮಾಡಿ, ಮೊದಲು ನನಗೆ ಹೇಳಿ. ಹುಡುಗರು ತಲೆಯಾಡಿಸುತ್ತಿದ್ದರು. ಮೊದಲು ನನಗೆ ಹೇಳಿ ಎಂದಿದ್ದರಿಂದ ಅವಳ ಫೋನಿಗೂ ಬಿಡುವಿಲ್ಲದಂತಾಯಿತು. ಸಾರಿಗೆ ಒಗ್ಗರಣೆ ಹಾಕುವಾಗಲೂ ಅದು ಕೈಯಲ್ಲೇ ಇರುತ್ತಿತ್ತು. ರಿಂಗಾದರೆ ಎದೆ ಧಸಕ್ಕೆನ್ನುತ್ತಿತ್ತು. ಬಹಳ ಹೊತ್ತು ರಿಂಗಾಗದಿದ್ದರೂ ಹಾಗೇ.

ಗಂಡ ಆನಂದ್ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಿದ್ದ. ಮನೆಗೆ ಬಂದರೆ ಉಂಡು ಮಲಗುವಷ್ಟೇ ಅವನಿಗೆ ಪುರಸೊತ್ತು. ಹೀಗಾಗಿ ಒಂಬತ್ತನೇ ಕ್ಲಾಸಿನ ಮಗಳು ಸಿಂಚನಳಿಗೆ ಸಿಗಬೇಕಾಗಿದ್ದವಳು ಅಮ್ಮನೇ. "ಆ ಹುಡುಗ್ರಲ್ಲಿ ಯಾರಿಗೆ ನೆಗಡಿ ಆಗಿದೆ ಅನ್ನೋದೂ ನಿಂಗೆ ಗೊತ್ತು. ನಂಗೆ ಯಾವ ಸಬ್ಜೆಕ್ಟ್ ಕಷ್ಟ ಹೇಳು ನೋಡೋಣ?" ಎಂದು ಮಗಳು ಒಮ್ಮೆ ಕೇಳಿದ್ದಳು. ಶಾಲೆಯ ಪೋಷಕರ ಸಭೆಗಳನ್ನೂ ಅವಳು ತಪ್ಪಿಸಿಕೊಂಡಿದ್ದಳು. ಈ ಸಲ ಬಂದೇ ಬರುತ್ತೇನೆಂದು ಮಾತು ಕೊಟ್ಟಳು.

ಆ ಶನಿವಾರ ಬೆಳಗ್ಗೆ ಅಂಗಡಿ ತೆರೆಯದೆ ಶಾಲೆಗೆ ಹೋದಳು. ಸಿಂಚನ ಕೈ ಹಿಡಿದುಕೊಂಡೇ ಕರೆದುಕೊಂಡು ಹೋಗಿ ಬೆಂಚಿನಲ್ಲಿ ಕೂರಿಸಿದಳು. ಇನ್ನೇನು ಅವರ ಸರದಿ ಬರಬೇಕು, ಅಷ್ಟರಲ್ಲಿ ವ್ಯಾನಿಟಿ ಬ್ಯಾಗಿನೊಳಗೆ ಫೋನು ನಡುಗಿತು. ನಿಂತಿತು. ಮತ್ತೆ ನಡುಗಿತು. ಬೂದಿಗೆರೆಯಲ್ಲಿ ಒಟ್ಟಿಗಿದ್ದ ಇಬ್ಬರು ಹುಡುಗಿಯರು ಸಿಂಧು ಮತ್ತು ಎಸ್ತೇರ್. ಕರೆ ಮಾಡುತ್ತಿದ್ದವಳು ಎಸ್ತೇರ್.

"ಅಕ್ಕಾ, ಸಿಂಧು ರೂಮಿನ ಬಾಗ್ಲು ಹಾಕ್ಕೊಂಡವ್ಳೆ. ಬೆಳಗ್ಗಿಂದ ತೆಗೀತಿಲ್ಲ. ಒಳಗೆ ಯಾರೋ ಗಂಡಸು ಮಾತಾಡೋದು ಕೇಳ್ತೈತೆ. ಇವ್ಳು ಅಳ್ತಾವ್ಳೆ. ನಂಗೆ ಭಯ ಆಗ್ತೈತೆ ಅಕ್ಕಾ."

ಪದ್ಮಶ್ರೀ ಮಗಳ ಕಡೆ ನೋಡಿದಳು. ಸಿಂಚನ ಆಗಲೇ ಮುಖ ತಿರುಗಿಸಿಕೊಂಡಿದ್ದಳು.

"ಹೋಗು. ಹೋಗ್ತೀಯ ಅಂತ ಗೊತ್ತಿತ್ತು."

"ಚಿನ್ನು, ಒಂದು ಗಂಟೇಲಿ ಬಂದ್ಬಿಡ್ತೀನಿ. ಇಲ್ಲೇ ಇರು, ಎಲ್ಲೂ ಹೋಗ್ಬೇಡ."

ಪದ್ಮಶ್ರೀ ಗೇಟಿನ ಕಡೆ ಓಡಿದಳು.

ಬೂದಿಗೆರೆ ರಸ್ತೆಯಲ್ಲಿ ಟಿಪ್ಪರ್ ಲಾರಿಗಳ ಧೂಳಿನ ಹಿಂದೆ ಸ್ಕೂಟರ್ ಓಡಿಸುತ್ತಿದ್ದಾಗ ಪದ್ಮಶ್ರೀಗೆ ಬರಬಾರದ ಯೋಚನೆಗಳೆಲ್ಲ ಬಂದವು. ಒಳಗಿರುವ ಗಂಡಸು ಯಾರು? ಸಿಂಧು ಕೋಲಾರದ ಕಡೆಯ ಹುಡುಗಿ, ಊರು ಬಿಟ್ಟು ಬಂದಿದ್ದು ಇದೇ ಮೊದಲು. "ನಿಮ್ಮನ್ನ ನಂಬಿ ಬಿಟ್ಟು ಹೋಗ್ತಾ ಇದ್ದೀನಿ ಕಣಮ್ಮ" ಎಂದು ಅವಳ ತಾಯಿ ಬಸ್ಸಿನ ಬಾಗಿಲಲ್ಲಿ ನಿಂತು ಹೇಳಿದ್ದಳು. ಆ ತಾಯಿಗೆ ಏನೆಂದು ಹೇಳುವುದು?

ಎಸ್ತೇರ್ ಅಂಗಳದಲ್ಲೇ ನಿಂತಿದ್ದಳು. ಪದ್ಮಶ್ರೀ ಹಿಂದಿನ ಕಿಟಕಿಗೆ ಹೋಗಿ, ಕರ್ಟನ್ನಿನ ಸಂದಿನಲ್ಲಿ ಇಣುಕಿದಳು. ಒಳಗೆ ಗಂಡಸು ಯಾರೂ ಇರಲಿಲ್ಲ. ಸಿಂಧು ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಎದುರಿಗೆ ಗೋಡೆಗೆ ಒರಗಿಸಿಟ್ಟ ಫೋನು. ಅದರ ಪರದೆಯ ಮೇಲೆ ಖಾಕಿ ತೊಟ್ಟ ಒಬ್ಬಾತ, ಅವನ ಹಿಂದೆ ಬಾವುಟ, ಯಾವುದೋ ಲಾಂಛನ.

"ಕ್ಯಾಮೆರಾ ಬಿಟ್ಟು ಅಲುಗಾಡ್ಬಾರ್ದು. ಯಾರಿಗಾದ್ರೂ ಹೇಳಿದ್ರೆ ನಿಮ್ಮ ಅಪ್ಪ ಅಮ್ಮನ್ನೂ ಎತ್ತಾಕ್ಕೊಂಡು ಬರ್ತೀವಿ. ಮತಾಂತರದ ಕೇಸು ಇದು, ಬೇಲ್ ಕೂಡ ಸಿಗಲ್ಲ. ನಿನ್ನ ಮೇಲೆ ಯಾರಿದ್ದಾರೆ? ಹೆಸರು ಹೇಳು."

ಪದ್ಮಶ್ರೀ ಕಿಟಕಿ ತಟ್ಟಿದಳು. ಸಿಂಧು ಕತ್ತು ತಿರುಗಿಸಲಿಲ್ಲ. ಮಡಿಲಲ್ಲಿದ್ದ ಕೈಯನ್ನು ಮಾತ್ರ ಬೇಡ ಬೇಡ ಎಂಬಂತೆ ಅಲ್ಲಾಡಿಸಿದಳು. ಅವಳ ಕುತ್ತಿಗೆಯೆಲ್ಲ ಬೆವರಿನಿಂದ ಒದ್ದೆಯಾಗಿತ್ತು.

ಪೊಲೀಸರ ವೇಷದಲ್ಲಿ ವಿಡಿಯೊ ಕಾಲ್ ಮಾಡಿ ಹೆದರಿಸುವ ಇಂಥ ಮೋಸದ ಬಗ್ಗೆ ಪದ್ಮಶ್ರೀ ಓದಿದ್ದಳು, ಪಾಠವನ್ನೂ ಮಾಡಿದ್ದಳು. ಆದರೂ ಆ ದನಿ ಕೇಳುತ್ತಿದ್ದಂತೆ ಅವಳಿಗೆ ಅನುಮಾನ ಶುರುವಾಯಿತು. ಒಂದು ವೇಳೆ ನಿಜವಾಗಿದ್ದರೆ? ತೂಬಗೆರೆಯ ವಿಡಿಯೊದ ಮೇಲೆ ಯಾರಾದರೂ ದೂರು ಕೊಟ್ಟಿದ್ದರೆ? ನಿಜವೋ ಸುಳ್ಳೋ ತಿಳಿಯಬೇಕಾದರೆ ನಿಜವಾದ ಪೊಲೀಸರನ್ನೇ ಕೇಳಬೇಕು. ನಾವು ಹೀಗೆ ಹೀಗೆ, ಮನೆ ಮನೆಗೆ ಹೋಗಿ ಪ್ರಾರ್ಥನೆ ಮಾಡುವವರು ಎಂದು ತಾವಾಗಿ ಅವರ ಮುಂದೆ ಹೋಗಿ ನಿಂತರೆ, ಇಲ್ಲದ ಕೇಸನ್ನು ಮೈಮೇಲೆ ಎಳೆದುಕೊಂಡಂತಾದರೆ?

ಆಗ ಮನೆಯ ಮಾಲೀಕ ಅಪ್ಪಯ್ಯಣ್ಣ ಹಸುವಿನ ಹಗ್ಗ ಹಿಡಿದುಕೊಂಡು ಅತ್ತ ಬಂದ. ಈ ಹುಡುಗಿಯರನ್ನು ಮನೆಯಿಂದ ಬಿಡಿಸು ಎಂದು ಕೆಲವರು ಅವನಿಗೆ ಹೇಳಿದ್ದರೆಂಬುದು ಪದ್ಮಶ್ರೀಗೆ ಗೊತ್ತಿತ್ತು. ಅವನಿಗೆ ಹೇಳುವುದೋ ಬೇಡವೋ ಎಂದು ನಾಲಿಗೆ ತಡವರಿಸಿತು. ಕೊನೆಗೆ ಹೇಳಿಯೇಬಿಟ್ಟಳು.

ಅಪ್ಪಯ್ಯಣ್ಣ ಕಿಟಕಿಯಲ್ಲಿ ಇಣುಕಿ, ಸ್ವಲ್ಪ ಹೊತ್ತು ಕೇಳಿಸಿಕೊಂಡ. "ಇದೇನಮ್ಮ, ಪೊಲೀಸ್ನೋರು ಫೋನಲ್ಲಿ ಕೂರ್ಸಿ ಅರೆಸ್ಟ್ ಮಾಡ್ತಾರಾ? ತಡಿ, ನಮ್ಮ ಬೀಟಿನ ಪೊಲೀಸಪ್ಪನ್ನೇ ಕೇಳ್ತೀನಿ" ಎಂದು ತನ್ನ ಹಳೇ ಫೋನು ತೆಗೆದು ಸ್ಪೀಕರಿಗೆ ಹಾಕಿದ.

ಪೊಲೀಸಿನವನ ದನಿ ಕಿಟಕಿಯೊಳಗೂ ಕೇಳುವಷ್ಟು ಜೋರಾಗಿತ್ತು. "ಅಯ್ಯೋ, ಕಳ್ಳ ನನ್ಮಕ್ಳು ಕಣ್ರೀ ಅವ್ರು! ಆ ಹುಡ್ಗಿಗೆ ಮೊದ್ಲು ಫೋನ್ ಆಫ್ ಮಾಡಕ್ಕೇಳಿ. ನಾನು ಬರ್ತಾ ಇದ್ದೀನಿ."

ಪರದೆಯ ಮೇಲಿದ್ದ ಖಾಕಿ ಕ್ಷಣದಲ್ಲಿ ಮಾಯವಾಯಿತು. ಚಿಲಕ ತೆಗೆದ ಸಿಂಧು ಹೊಸ್ತಿಲಲ್ಲೇ ಕುಸಿದು ಕೂತಳು. ಪದ್ಮಶ್ರೀ ಅವಳನ್ನು ತಬ್ಬಿಕೊಂಡಳು. ಎಸ್ತೇರ್ ನೀರು ತಂದುಕೊಟ್ಟಳು.

"ಅಕ್ಕಾ, ನಾನು ನಿಮ್ಮ ಹೆಸ್ರು ಹೇಳ್ಬಿಟ್ಟೆ. ನಂಬರ್ ಕೇಳಿದ್ರು, ಕೊಟ್ಟೆ. ಮನೇಲಿ ಯಾರ್ಯಾರಿದಾರೆ ಅಂದ್ರು..." ಅವಳು ಬಿಕ್ಕಿದಳು. "ಸಿಂಚನ ಹೆಸ್ರೂ ಹೇಳಿದೆ. ಯಾವ ಸ್ಕೂಲು ಅಂತಾನೂ ಹೇಳ್ಬಿಟ್ಟೆ."

ಪದ್ಮಶ್ರೀ ಬಾಯಿ ತೆರೆಯುವಷ್ಟರಲ್ಲಿ ಅವಳದೇ ಫೋನು ರಿಂಗಾಯಿತು. ಗೊತ್ತಿಲ್ಲದ ನಂಬರು.

"ಸಿಂಚನಾ ತಾಯಿ ಪದ್ಮಶ್ರೀ ಅಲ್ವಾ? ನಿಮ್ಮ ಮಗಳು ನಮ್ಮ ವಶದಲ್ಲಿದ್ದಾಳೆ. ಲೈನ್ ಕಟ್ ಮಾಡಿದ್ರೆ ಮಗಳನ್ನ ಮರ್ತುಬಿಡಿ. ತಗೊಳ್ಳಿ, ಮಾತಾಡಿ."

ಆಮೇಲೆ ಒಂದು ಅಳು. "ಅಮ್ಮಾ... ಅಮ್ಮಾ..." ಅಷ್ಟೇ. ದನಿ ಒಡೆದು ಬರುತ್ತಿತ್ತು. ಅದು ಸಿಂಚನಳದ್ದೋ ಅಲ್ಲವೋ ಪದ್ಮಶ್ರೀಗೆ ಗೊತ್ತಾಗಲಿಲ್ಲ. ಹೆತ್ತವಳಿಗೇ ಗೊತ್ತಾಗಲಿಲ್ಲ.

ಇದೇ ಜನ, ಇದೇ ಮೋಸ ಎಂದು ತಲೆ ಹೇಳುತ್ತಿತ್ತು. ಕಟ್ ಮಾಡು, ಶಾಲೆಗೆ ಫೋನ್ ಮಾಡು. ಆದರೆ ಹೆಬ್ಬೆರಳು ಮರಗಟ್ಟಿದಂತೆ ಅಲ್ಲೇ ನಿಂತಿತ್ತು. ಕಟ್ ಮಾಡಿದ ಮೇಲೆ ಅದು ನಿಜವೆಂದು ಗೊತ್ತಾದರೆ? ಆ ಮಗುವನ್ನು ಬೆಂಚಿನ ಮೇಲೆ ಒಂಟಿಯಾಗಿ ಬಿಟ್ಟು ಬಂದವಳು ತಾನೇ ಅಲ್ಲವೇ? "ಬೇಡಿ ಸಾರ್, ಅವಳಿಗೇನೂ ಮಾಡ್ಬೇಡಿ ಸಾರ್" ಎಂದು ತನ್ನ ಬಾಯಿಂದಲೇ ಬಂದ ಮಾತು ಅವಳಿಗೆ ಬೇರೆ ಯಾರದೋ ಎಂಬಂತೆ ಕೇಳಿಸಿತು.

ಸಿಂಧು ಎದ್ದು ನಿಂತಳು. ಮುಖದ ಮೇಲೆ ಇನ್ನೂ ಕಣ್ಣೀರಿತ್ತು. ಪದ್ಮಶ್ರೀಯ ಕೈಯಿಂದ ಫೋನು ಕಿತ್ತುಕೊಂಡು ಕಟ್ ಮಾಡಿದಳು.

"ಅಯ್ಯೋ, ಏನ್ ಮಾಡಿದೆ!" ಪದ್ಮಶ್ರೀ ಚೀರಿದಳು. ಆ ಕ್ಷಣ ಆ ಹುಡುಗಿಯನ್ನು ಹೊಡೆದುಬಿಡುವಷ್ಟು ಸಿಟ್ಟು ಬಂದಿತ್ತು ಅವಳಿಗೆ.

ಶಾಲೆಗೆ ಕರೆ ಮಾಡಿದರೆ ಎತ್ತುವವರಿರಲಿಲ್ಲ. ಪೋಷಕರ ಸಭೆಯ ಗಲಾಟೆಯಲ್ಲಿ ಆಫೀಸಿನಲ್ಲಿ ಯಾರಿರುತ್ತಾರೆ? ಆನಂದ್ ಫೋನು ಬಿಜಿ. ಪೊಲೀಸಿನವನು ಬಂದರೆ ಎಲ್ಲ ಹೇಳಲೆಂದು ಅಪ್ಪಯ್ಯಣ್ಣ, ಎಸ್ತೇರ್ ಅಲ್ಲೇ ಉಳಿದರು. ಅವಳು ಸ್ಕೂಟರ್ ಏರಿದಾಗ ಸಿಂಧು ಕೇಳದೆಯೇ ಹಿಂದೆ ಹತ್ತಿ ಕೂತು, ಶಾಲೆಯ ನಂಬರನ್ನು ಒತ್ತುತ್ತಲೇ ಇದ್ದಳು. ದಾರಿಯುದ್ದಕ್ಕೂ ಪದ್ಮಶ್ರೀಗೆ ಪ್ರಾರ್ಥನೆಯ ಒಂದು ಮಾತೂ ನೆನಪಾಗಲಿಲ್ಲ. "ಕರ್ತನೇ, ಕರ್ತನೇ" ಎಂಬಷ್ಟೇ ಬಂತು. ತಲೆಯ ಮೇಲೆ ಕೆಳಕ್ಕಿಳಿಯುತ್ತಿದ್ದ ವಿಮಾನದ ಸದ್ದಿಗೆ ಅದೂ ಕೇಳಿಸದಾಯಿತು.

ಶಾಲೆಯ ಬೆಂಚು ಖಾಲಿಯಾಗಿತ್ತು.

ಪದ್ಮಶ್ರೀ ಒಂದೊಂದೇ ಕೋಣೆಗೆ ನುಗ್ಗಿ ನೋಡಿದಳು. ಅವಳ ಮುಖ ನೋಡಿದ ಬೇರೆ ತಾಯಂದಿರು ಎದ್ದು ನಿಂತರು. ಕೊನೆಗೆ ಲೈಬ್ರರಿಯ ಮೂಲೆಯಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದವಳ ಎರಡು ಜಡೆ ಕಂಡವು.

ಅವಳು ಹಿಂದಿನಿಂದ ಹೋಗಿ ಅಪ್ಪಿಕೊಂಡ ರಭಸಕ್ಕೆ ಸಿಂಚನ ಬೆಚ್ಚಿಬಿದ್ದಳು. "ಅಮ್ಮಾ! ಏನಾಯ್ತು?" ಪದ್ಮಶ್ರೀ ಮಗಳ ಕೈ, ಕೆನ್ನೆ, ತಲೆಯನ್ನು ಮುಟ್ಟಿ ಮುಟ್ಟಿ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಸಿಂಧುವೇ ನಡೆದದ್ದನ್ನು ಹೇಳಬೇಕಾಯಿತು. ತನ್ನ ತಪ್ಪನ್ನು ಮುಚ್ಚಿಡದೆ ಎಲ್ಲವನ್ನೂ ಹೇಳಿದಳು.

ಆ ಸಂಜೆ ಆನಂದ್ ಟ್ರಿಪ್ ಬಿಟ್ಟು ಮನೆಗೆ ಬಂದ. ಮೂವರೂ ಸಿಂಧುವನ್ನು ಕರೆದುಕೊಂಡು ಠಾಣೆಗೆ ಹೋಗಿ ದೂರು ಕೊಟ್ಟರು. ಪದ್ಮಶ್ರೀ ಹೆದರಿದ್ದಂಥದ್ದೇನೂ ಅಲ್ಲಿ ನಡೆಯಲಿಲ್ಲ. ಕರೆ ಮಾಡಿದವರು ಯಾರೆಂಬುದು ಮಾತ್ರ ಇವತ್ತಿಗೂ ತಿಳಿದಿಲ್ಲ.

ಮನೆಗೆ ಬಂದ ಮೇಲೆ ಆನಂದ್ ಖಡಾಖಂಡಿತವಾಗಿ ಹೇಳಿದ. "ಸಾಕು ಪದ್ದು. ನಮ್ಮ ಮಗಳ ಹೆಸ್ರು ಎಂಥೆಂಥವ್ರ ಬಾಯಿಗೋ ಹೋಯ್ತು. ಅಯ್ಯನೋರಿಗೆ ಹೇಳ್ಬಿಡು, ಬೇರೆಯವ್ರು ನೋಡ್ಕೊಳ್ಲಿ."

ಪದ್ಮಶ್ರೀಯೂ ಅದನ್ನೇ ಯೋಚಿಸುತ್ತಿದ್ದಳು. ಆದರೆ ಸಿಂಚನ ತಟ್ಟೆಯಿಂದ ತಲೆ ಎತ್ತದೆ ಕೇಳಿದಳು. "ಆ ಅಕ್ಕನ ಜಾಗದಲ್ಲಿ ನಾನಿದ್ದಿದ್ರೆ? ನಂಗೂ ಯಾರಾದ್ರೂ ಬರ್ಬೇಕಿತ್ತಲ್ವಾ?" ಸ್ವಲ್ಪ ತಡೆದು, "ಆದ್ರೆ ಅಮ್ಮ, ನನ್ನ ಮೀಟಿಂಗಿನ ದಿನ ಬೇರೆ ಯಾರಾದ್ರೂ ಹೋಗ್ಲಿ. ನೀನೊಬ್ಳೇ ಯಾಕೆ?" ಎಂದಳು.

ಅವಳು ಹೇಳಿದ್ದರಲ್ಲಿ ನ್ಯಾಯವಿತ್ತು. ಅಯ್ಯನವರನ್ನು ಕೇಳಿ, ಸಭೆಯ ಇನ್ನೊಬ್ಬರ ಜೊತೆ ಪದ್ಮಶ್ರೀ ಈ ಕೆಲಸವನ್ನು ಹಂಚಿಕೊಂಡಳು. ಶನಿವಾರ ಯಾರೇ ಕರೆ ಮಾಡಿದರೂ ಅದು ಅವರಿಗೆ ಹೋಗುತ್ತದೆ. ಸಿಂಧು ಕೆಲವು ದಿನ ಊರಿಗೆ ಹೋಗಿ ಬಂದಳು. ವಾಪಸ್ ಬರುತ್ತಾಳೋ ಇಲ್ಲವೋ ಎಂದು ಎಲ್ಲರಿಗೂ ಅನುಮಾನವಿತ್ತು, ಬಂದಳು.

ಅವಳು ಬಂದ ಮೇಲಿನ ಭಾನುವಾರದ ಪಾಠದಲ್ಲಿ ಪದ್ಮಶ್ರೀ ಕಟ್ಟಳೆ ಹೇಳುವುದನ್ನು ಪಕ್ಕಕ್ಕಿಟ್ಟು, ತನ್ನ ಹೆಬ್ಬೆರಳು ಕೆಲಸ ಮಾಡದೆ ಹೋದ ಆ ಗಳಿಗೆಯನ್ನು ವಿವರಿಸಿದಳು. ಪಾಠ ಮುಗಿದ ಮೇಲೆ ಒಬ್ಬ ಹುಡುಗ ಹತ್ತಿರ ಬಂದು, "ಅಕ್ಕಾ, ನಂಗೂ ಒಂದು ಕಾಲ್ ಬರ್ತಾ ಇದೆ. ಹೇಳೋಕೆ ಹೆದರಿಕೆ ಆಗಿತ್ತು" ಎಂದ.

ಪದ್ಮಶ್ರೀ ಕುರ್ಚಿ ಎಳೆದು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಹೇಳಪ್ಪಾ, ಯಾವಾಗಿಂದ?" ಎಂದಳು.